ಪಿಂಕಿಯ ಮಂಡಿಚಿಪ್ಪು ಜಾರುತ್ತೆ, ಆಪರೇಷನ್ ಬೇಕಾ?

ಪ್ರಶ್ನೆ: ನಮ್ಮ ಪೊಮೆರೇನಿಯನ್ ನಾಯಿ ಪಿಂಕಿಗೆ 4 ವರ್ಷ. ಓಡ್ತಾ ಓಡ್ತಾ ಹಿಂದಿನ ಎಡಗಾಲು ಎತ್ತಿ ನಾಲ್ಕು ಹೆಜ್ಜೆ ಕುಂಟುತ್ತಾಳೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತಾಳೆ. ಡಾಕ್ಟರ್ ಪಟೆಲ್ಲಾ ಲಕ್ಸೇಷನ್ (ಮಂಡಿಚಿಪ್ಪು ಜಾರೋದು), ನಾಲ್ಕು ಗ್ರೇಡ್‌ಗಳಲ್ಲಿ ಗ್ರೇಡ್ 2 ಅಂದರು. ಆಪರೇಷನ್ ಮಾಡಿಸಿದವರು ಇದ್ದರೆ ಹೇಳಿ.

ಉತ್ತರ: ನಾವು ನಮ್ಮ ನಾಯಿ ಬ್ರೌನಿಗೆ ಮಾಡಿಸಿದೆವು. ಅವನದು ಗ್ರೇಡ್ 3. ಚಿಪ್ಪು ಯಾವಾಗಲೂ ಒಳಬದಿಗೇ ಜಾರಿರುತ್ತಿತ್ತು. ಬೆರಳಲ್ಲಿ ಒತ್ತಿದರೆ ಕಟಕ್ ಅಂತ ಜಾಗಕ್ಕೆ ಬಂದು, ಬಿಟ್ಟರೆ ಮತ್ತೆ ಜಾರುತ್ತಿತ್ತು. ಪಿಂಕಿಗೆ ತಾನಾಗಿ ಜಾಗಕ್ಕೆ ಬರುತ್ತಲ್ವಾ, ಅವಸರ ಬೇಡ. ದಿನಕ್ಕೆ ಎಷ್ಟು ಸಲ ಕುಂಟುತ್ತಾಳೆ ಅಂತ ಎರಡು ವಾರ ಬರೆದಿಡಿ. ವಿಡಿಯೊನೂ ಮಾಡಿ. ಕ್ಲಿನಿಕ್ ಬಾಗಿಲು ದಾಟಿದರೆ ಇವು ಕುಂಟೋದೇ ಇಲ್ಲ!

ಬ್ರೌನಿಗೆ ತೊಡೆಮೂಳೆಯ ತುದಿಯಲ್ಲಿ ಚಿಪ್ಪು ಕೂರುವ ತಗ್ಗನ್ನು ಆಳ ಮಾಡಿದರು. ಚಿಪ್ಪಿನ ಕೆಳಗಿನ ಪಟ್ಟಿ ಅಂಟಿರುವ ಮೂಳೆತುಂಡನ್ನು ಹೊರಬದಿಗೆ ಸರಿಸಿ ಪಿನ್ ಹಾಕಿದರು. ಸಡಿಲ ಇದ್ದ ಕಡೆ ಹೊಲಿದು ಬಿಗಿ ಮಾಡಿದರು. ಬರೀ ಹೊಲಿಗೆ ಸಾಕು ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಬಿಡಿಸಿ ಕೇಳಿ. ಮೂಳೆಯೇ ವಾರೆ ಇದ್ದರೆ ಹೊಲಿಗೆ ಎಷ್ಟು ದಿನ ತಡೆಯುತ್ತೆ?

ಆಪರೇಷನ್ ಒಂದು ದಿನದ್ದು. ನಮಗೆ ಸುಸ್ತಾಗಿದ್ದು ಆಮೇಲಿನ 8 ವಾರ. ಉಚ್ಚೆಗೆ ಮಾತ್ರ ಬೆಲ್ಟ್ ಹಾಕಿ ಹೊರಗೆ, ಉಳಿದಂತೆ ಮೂಲೆಯಲ್ಲಿ ಕಟ್ಟಿದ ಸಣ್ಣ ಬೇಲಿಯೊಳಗೆ. ಕಾಲು ಊರೋಕೆ ಶುರು ಮಾಡಿದ ದಿನವೇ ಸೋಫಾ ಮೇಲೆ ಹಾರೋಕೆ ಹೊರಟ. ನಾನು ಕೈಯಲ್ಲಿದ್ದ ಕಾಫಿ ಲೋಟ ಬಿಟ್ಟು ಹಿಡಿದೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಅಂದ ಮೇಲೇ ಬಿಟ್ಟಿದ್ದು. ಅಷ್ಟು ದಿನ ಮನೆಯಲ್ಲಿ ಯಾರು ಇರುತ್ತಾರೆ ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನೊಬ್ಬರು: ನಮ್ಮದೂ ಗ್ರೇಡ್ 2, ಆಪರೇಷನ್ ಮಾಡಿಸಿಲ್ಲ. ತೂಕ 6 ಕೆಜಿಯಿಂದ 4.5ಕ್ಕೆ ಇಳಿಸಿದೆವು. ಅತ್ತೆಯವರು ಕದ್ದು ಕೊಡುತ್ತಿದ್ದ ಬಿಸ್ಕತ್ತು ನಿಲ್ಲಿಸೋದೇ ದೊಡ್ಡ ಚಿಕಿತ್ಸೆ ಆಗಿತ್ತು. ಟೈಲ್ಸ್ ಮೇಲೆ ಹಳೆ ಯೋಗ ಮ್ಯಾಟ್ ಹಾಸಿದ್ದೇವೆ, ಪಾದದಡಿಯ ಕೂದಲು ಕತ್ತರಿಸುತ್ತೇವೆ. ಕುಂಟೋದು ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ವರ್ಷಕ್ಕೊಮ್ಮೆ ತೋರಿಸುತ್ತೇವೆ.

ಮತ್ತೊಬ್ಬರು: ಇದ್ದಕ್ಕಿದ್ದಂತೆ ಕಾಲು ಊರೋದೇ ಬಿಟ್ಟರೆ ಮಾತ್ರ ಕಾಯಬೇಡಿ. ನಾವು ಚಿಪ್ಪೇ ಅಂದುಕೊಂಡು ಹತ್ತು ದಿನ ಸುಮ್ನೆ ಕೂತೆವು, ಒಳಗೆ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದಿತ್ತು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ಅರ್ಧ ಕೂಡ ಕೊಡಬೇಡಿ, ವಿಷವಾಗಬಹುದು.