ನನ್ನ ಟೈಮ್ ನಾನು ಅಳೆದರೆ ಖುಷಿ, ಆಫೀಸು ಅಳೆದರೆ ಸಿಟ್ಟು. ಇದು ಸರಿಯಾ?

ಕಾಫಿಪುಡಿ:
ನನಗೆ ಟೂಲ್‌ಗಳ ಹುಚ್ಚು ಜಾಸ್ತಿ. ಆರು ವರ್ಷದಿಂದ ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್‌ನಲ್ಲೇ (ಟಿಪ್ಪಣಿ, ಕೆಲಸದ ಪಟ್ಟಿ ಇಡುವ ಸೌಲಭ್ಯ) ಎಲ್ಲ ಬರೆದಿಡುತ್ತೇನೆ. ಹಾಲಿನ ಲೆಕ್ಕ, ಅಮ್ಮನ ಶುಗರ್ ಮಾತ್ರೆ ಯಾವತ್ತು ಮುಗಿಯುತ್ತದೆ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಲ್ಲ. ಹೋದ ಮಂಗಳವಾರ ಕಾಫಿಗೆ ಅಂತ ಎದ್ದು ಹೋದದ್ದೇ 47 ನಿಮಿಷ! ಯಾರೂ ಕೇಳಿರಲಿಲ್ಲ, ನಾನೇ ಲೆಕ್ಕ ನೋಡಿ ನಾಚಿಕೊಂಡೆ.

ಈಗ ಆಫೀಸಿನವರು ಲ್ಯಾಪ್‌ಟಾಪ್‌ಗೆ ಒಂದು ಸಾಫ್ಟ್‌ವೇರ್ ಹಾಕಿದ್ದಾರೆ. ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್. ಐದು ನಿಮಿಷ ಕೀಬೋರ್ಡ್ ಮುಟ್ಟದಿದ್ದರೆ ‘ಐಡಲ್’ ಅಂತ ಕೆಂಪು ಗೆರೆ. ಯೋಚನೆ ಮಾಡುವುದಕ್ಕೆ ಕೀಬೋರ್ಡ್ ಯಾಕೆ ಅಂತ ಮ್ಯಾನೇಜರ್‌ಗೆ ಕೇಳಬೇಕು ಅನ್ನಿಸಿತು, ಸುಮ್ನಾದೆ. ಮೊನ್ನೆ ಡ್ಯಾಶ್‌ಬೋರ್ಡ್ ತೆಗೆದರೆ, ಒಂದು ಸ್ಕ್ರೀನ್‌ಶಾಟ್ ತುಂಬ ಅಮ್ಮನ ಮಾತ್ರೆ ಪಟ್ಟಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅದು ಇಲ್ಲಿಗೆ ಬರುವುದಿಲ್ವಾ? ಅಥವಾ ದಿನಾ ನನ್ನನ್ನೇ ಅಳೆದುಕೊಳ್ಳುವ ನಾನು ಬಾಯಿ ಮುಚ್ಚಿಕೊಂಡಿರಬೇಕಾ?

ಕೋರ್ಟು_ಕಚೇರಿ:
ತೀರ್ಪು ಬಂದದ್ದು 2017ರ ಆಗಸ್ಟ್ 24ಕ್ಕೆ. ಒಂಬತ್ತೂ ನ್ಯಾಯಮೂರ್ತಿಗಳದ್ದು ಒಂದೇ ಮಾತು. ಕೇಸು ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ! ಆದರೆ ಮೂಲಭೂತ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಕೇಳುವುದು. ಖಾಸಗಿ ಕಂಪನಿಯಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡಬೇಕು. ಅದರ 7ನೇ ಸೆಕ್ಷನ್ ‘ಉದ್ಯೋಗದ ಉದ್ದೇಶ’ಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ನನಗೆ ಆ ಬಾಗಿಲು ಸ್ವಲ್ಪ ಜಾಸ್ತಿಯೇ ಅಗಲ ಅನ್ನಿಸುತ್ತದೆ. ಆದರೂ ಅಮ್ಮನ ಮಾತ್ರೆ ಯಾವ ಉದ್ಯೋಗದ ಉದ್ದೇಶ ಅಂತ ಎಚ್‌ಆರ್‌ಗೆ ಕೇಳಿ. ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಬೇಡ.

ಹಳೇ_ಕೀಬೋರ್ಡು:
ನನ್ನ ತೂಕ ನಾನು ದಿನಾ ನೋಡಿಕೊಳ್ಳುತ್ತೇನೆ. ಹಾಗಂತ ಅದನ್ನು ಯಾರೋ ನಮ್ಮನೆ ಗೇಟಿನ ಮೇಲೆ ಬರೆದರೆ ಬಿಡ್ತೀನಾ? ಆರ್ಗ್ ಮೋಡನ್ನು 2003ರಲ್ಲಿ ಶುರು ಮಾಡಿದ ಕಾರ್ಸ್ಟನ್ ಡೊಮಿನಿಕ್ ಖಗೋಳ ವಿಜ್ಞಾನಿ. ತನ್ನ ಟಿಪ್ಪಣಿ, ತನ್ನ ಕೆಲಸ ಸಂಭಾಳಿಸಲು ಮಾಡಿಕೊಂಡದ್ದು, ಬೇರೆಯವರ ಮೇಲೆ ಕಣ್ಣಿಡುವುದಕ್ಕಲ್ಲ.

ಅದಿರಲಿ, ಹಾಲಿನ ಲೆಕ್ಕವನ್ನು ಆಫೀಸು ಲ್ಯಾಪ್‌ಟಾಪ್‌ನಲ್ಲಿ ಯಾಕ್ರೀ ಇಟ್ಟಿರಿ? ಆರ್ಗ್ ಫೈಲು ಅಂದರೆ ಬರೀ ಟೆಕ್ಸ್ಟ್. ಸ್ವಂತ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಫೋನಿನ ಜೊತೆ ಸಿಂಕ್‌ಥಿಂಗ್ ಹಾಕಿಕೊಳ್ಳಿ, ಅದು ನಿಮ್ಮದೇ ಸಾಧನಗಳ ನಡುವೆ ನೇರವಾಗಿ ಫೈಲು ಹೊಂದಿಸಿಡುವ ಸಾಫ್ಟ್‌ವೇರ್. ಯಾರ ಕ್ಲೌಡಲ್ಲೂ ಫೈಲು ಕೂರುವುದಿಲ್ಲ.

ಕಾಫಿಪುಡಿ:
ಇಬ್ಬರಿಗೂ ಥ್ಯಾಂಕ್ಸ್. ಇಮೇಲ್ ಹಾಕಿದೆ, ‘ಪರಿಶೀಲಿಸುತ್ತೇವೆ’ ಅಂತ ಉತ್ತರ ಬಂತು. ಫೈಲು ನಿನ್ನೆ ರಾತ್ರಿಯೇ ಮನೆಯ ಲ್ಯಾಪ್‌ಟಾಪ್ ಸೇರಿತು. ಕಾಫಿಯ 47 ನಿಮಿಷ ಮಾತ್ರ ಹಾಗೇ ಇದೆ. ಅದಕ್ಕೆ ‘ಯೋಚನೆ’ ಅಂತ ಹೆಸರು ಬದಲಿಸಿದ್ದೇನೆ.