ಸಹಾಯ ಬೇಕು: ಯುಗಾದಿಗೆ 40 ಜನರ ಊಟ, ಕೈಯಲ್ಲಿ 5,000 ರೂಪಾಯಿ

ಎಲ್ಲರಿಗೂ ನಮಸ್ಕಾರ. ಈ ಸಲ ಯುಗಾದಿಗೆ ಅತ್ತೆಮನೆ, ತವರುಮನೆ ಎರಡೂ ಕಡೆಯವರು ನಮ್ಮಲ್ಲೇ ಸೇರುತ್ತಿದ್ದಾರೆ. ಮಕ್ಕಳೂ ಸೇರಿ 40 ಜನ. ಖರ್ಚು 5,000 ದಾಟುವಂತಿಲ್ಲ. ಆದರೆ ಯಾರೂ ಅರೆಹೊಟ್ಟೆಯಲ್ಲಿ ಏಳಬಾರದು, ನನಗೆ ಅದೇ ಮುಖ್ಯ.

ಒಬ್ಬಟ್ಟು ಬಿಡುವ ಮಾತೇ ಇಲ್ಲ. ತೊಗರಿಬೇಳೆ ನಮಗೆ ದುಬಾರಿ, ಹಾಗಾಗಿ ಹೂರಣಕ್ಕೆ ಕಡಲೆಬೇಳೆ. ಬೇಳೆ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆರಸ, ಸಾರಿನ ಪುಡಿ ಹಾಕಿ ಕುದಿಸಿದರೆ ಒಬ್ಬಟ್ಟಿನ ಸಾರು ಆಯಿತು, ಅದಕ್ಕೆ ಬೇರೆ ಬೇಳೆ ಬೇಡ. ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಒಂದು ಪಲ್ಯ, ಅನ್ನ, ಮಜ್ಜಿಗೆ. ಪಾಯಸ ಕೈಬಿಟ್ಟಿದ್ದೇನೆ.

ತಲೆಗೆ ಎರಡು ಒಬ್ಬಟ್ಟು ಅಂದರೆ 2 ಕೆಜಿ ಬೇಳೆ ಸಾಕಾಗುತ್ತಾ? ಹೂರಣ ಹಿಂದಿನ ದಿನವೇ ರುಬ್ಬಿ ಫ್ರಿಜ್ಜಲ್ಲಿಟ್ಟರೆ ನೀರು ಬಿಡುತ್ತಾ? ತುಪ್ಪದ್ದೇ ದೊಡ್ಡ ಚಿಂತೆ. ಎಣ್ಣೆಯಲ್ಲಿ ಬೇಯಿಸಿ, ಬಡಿಸುವಾಗ ಮಾತ್ರ ಒಂದೊಂದು ಚಮಚ ತುಪ್ಪ ಹಾಕಿದರೆ ರುಚಿ ಕೆಡಲ್ಲ ಅಲ್ವಾ?

ಇನ್ನು ಬಾಳೆಎಲೆ. ಹಬ್ಬದ ಹಿಂದಿನ ದಿನ ರೇಟು ಸುಮ್ನೆ ಏರಿಸಿಬಿಡುತ್ತಾರೆ. ಮೊದಲೇ ತಂದು ಒದ್ದೆ ಬಟ್ಟೆ ಸುತ್ತಿಟ್ಟರೆ ಎಷ್ಟು ದಿನ ತಾಳುತ್ತೆ? ಜಾಸ್ತಿ ಜನಕ್ಕೆ ಅಡುಗೆ ಮಾಡಿ ಅಭ್ಯಾಸ ಇರುವವರು ದಯವಿಟ್ಟು ಅಳತೆ ಸಮೇತ ಹೇಳಿ.