ಎರಡು ಡಿಸ್ಕ್‌ಗಳಲ್ಲಿದ್ದೂ ರೋಗಿಗಳ ದಾಖಲೆ ಕೆಟ್ಟಿದ್ದೇಕೆ?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯೊಂದರ ಐಟಿ ನಿರ್ವಾಹಕ):
ನಮ್ಮದು ಐವತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆ. ಹೊರರೋಗಿ ಚೀಟಿಯಿಂದ ಡಿಸ್‌ಚಾರ್ಜ್ ಸಮ್ಮರಿಯವರೆಗೆ ಎಲ್ಲವೂ ಒಂದೇ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಎರಡು ಎಸ್‌ಎಸ್‌ಡಿಗಳನ್ನು ರೈಡ್ 1ರಲ್ಲಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇಳಿಯುವಂತೆ, ಜೋಡಿಸಿದ್ದೇವೆ. ಮೊನ್ನೆ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟಿತು. ಬೆಳಿಗ್ಗೆ ಲ್ಯಾಬ್ ಟೇಬಲ್ ತೆರೆದರೆ ‘ಇನ್‌ವ್ಯಾಲಿಡ್ ಪೇಜ್’ ಎಂಬ ದೋಷ ಬರುತ್ತಿದೆ. ಎರಡೂ ಡಿಸ್ಕ್‌ಗಳು ಸರಿಯಾಗಿವೆ ಎಂದು ಅವನ್ನು ನಿಯಂತ್ರಿಸುವ ಕಂಟ್ರೋಲರ್ ತೋರಿಸುತ್ತಿದೆ. ಆಡಳಿತ ಮಂಡಳಿಯವರು ಮೂರನೆಯ ಡಿಸ್ಕ್‌ಗೆ ಹಣ ಕೊಡಲು ಒಪ್ಪಿದ್ದಾರೆ. ಅಷ್ಟು ಸಾಕೇ?

ಉತ್ತರ 1:
ಡಿಸ್ಕ್ ಕೊಳ್ಳುವ ಮಾತು ಆಮೇಲಿರಲಿ ಸರ್. ಮೊದಲು ಡೇಟಾಬೇಸ್ ನಿಲ್ಲಿಸಿ, ಡೇಟಾ ಡೈರೆಕ್ಟರಿಯನ್ನು ಇದ್ದ ಹಾಗೆಯೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ದುರಸ್ತಿಯ ಪ್ರಯೋಗಗಳನ್ನೆಲ್ಲ ಆ ನಕಲಿನ ಮೇಲೆಯೇ ಮಾಡಿ. ರೈಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ತಪ್ಪಾಗಿ ಬರೆದದ್ದನ್ನೂ, ಯಾರೋ ಅಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ಇಳಿಸುತ್ತದೆ. ಪೋಸ್ಟ್‌ಗ್ರೆಸ್ ಒಂದು ವಹಿವಾಟು ಮುಗಿಯಿತೆಂದು ಹೇಳುವ ಮುನ್ನ ಅದರ ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕ್‌ಗೆ ಇಳಿಯಿತೇ ಎಂದು ಎಫ್‌ಸಿಂಕ್ ಎಂಬ ಆಜ್ಞೆಯ ಮೂಲಕ ಖಾತರಿ ಕೇಳುತ್ತದೆ. ಆದರೆ ಬ್ಯಾಟರಿಯಿಲ್ಲದ ರೈಟ್‌ಬ್ಯಾಕ್ ಕ್ಯಾಶ್ (ಡಿಸ್ಕ್‌ಗೆ ಇಳಿಯುವ ಮುನ್ನ ಮಾಹಿತಿ ತಂಗುವ ತಾತ್ಕಾಲಿಕ ಮೆಮೊರಿ) ಬಳಸುವ ಕಂಟ್ರೋಲರ್‌ಗಳೂ ಅಗ್ಗದ ಕೆಲವು ಎಸ್‌ಎಸ್‌ಡಿಗಳೂ ಮಾಹಿತಿ ಇನ್ನೂ ಕ್ಯಾಶ್‌ನಲ್ಲಿರುವಾಗಲೇ ‘ಆಯಿತು’ ಎಂದುಬಿಡುತ್ತವೆ. ನಿಮ್ಮಲ್ಲಿ ಆಗಿರುವುದೂ ಬಹುಶಃ ಇದೇ. ವಿದ್ಯುತ್ ಕಡಿತವನ್ನು ತಾಳಿಕೊಳ್ಳಲು ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಹಾಕಿಸಿ, ಕೆಟ್ಟ ಪುಟವನ್ನು ಪತ್ತೆಹಚ್ಚುವ ಡೇಟಾ ಚೆಕ್‌ಸಮ್ ಚಾಲೂ ಮಾಡಿ, ವಾಲ್ ಫೈಲ್‌ಗಳನ್ನು (ಮೇಲೆ ಹೇಳಿದ ಲಾಗ್‌ನ ಫೈಲ್‌ಗಳನ್ನು) ಇನ್ನೊಂದು ಯಂತ್ರಕ್ಕೆ ನಿರಂತರವಾಗಿ ಕಳುಹಿಸಿ. ಬೇಸ್ ಬ್ಯಾಕಪ್ (ಇಡೀ ಡೇಟಾಬೇಸ್‌ನ ಪೂರ್ಣ ಪ್ರತಿ) ಜೊತೆಗೆ ಅವು ಕೈಯಲ್ಲಿದ್ದರೆ ಕರೆಂಟ್ ಹೋಗುವ ಹಿಂದಿನ ನಿಮಿಷದ ಸ್ಥಿತಿಗೂ ಮರಳಬಹುದು.

ಉತ್ತರ 2:
2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಅಲ್ಲಿನ ಕೆಲಸ ಹಲವು ದಿನ ಕೈಬರಹದಲ್ಲೇ ನಡೆಯಿತು. ಆದ್ದರಿಂದ ಬ್ಯಾಕಪ್‌ನ ಒಂದು ಪ್ರತಿಯಾದರೂ ಸರ್ವರ್‌ನ ಪಾಸ್‌ವರ್ಡ್‌ನಿಂದ ಅಳಿಸಲಾಗದ ಜಾಗದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ, ಎನ್‌ಕ್ರಿಪ್ಟ್ ಆಗಿ ಇರಬೇಕು. ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಜೋಡಿಸಿದ್ದೇವೆ, ದಾಖಲೆ ಸರ್ಕಾರದ ಬಳಿ ಇರುತ್ತದೆ ಎಂದು ನಂಬಿದವರನ್ನೂ ಕಂಡಿದ್ದೇನೆ. ಆ ವ್ಯವಸ್ಥೆಯಲ್ಲಿ ದಾಖಲೆ ಸೃಷ್ಟಿಸಿದ ಆಸ್ಪತ್ರೆಯೇ ಅದನ್ನು ಇಟ್ಟುಕೊಳ್ಳಬೇಕು.

ಉತ್ತರ 3:
ಈಗಿರುವ ಬ್ಯಾಕಪ್ ಅನ್ನು ಕೊನೆಯ ಬಾರಿ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ?

ಪ್ರಶ್ನೆ ಕೇಳಿದವರು:
ಒಮ್ಮೆಯೂ ನೋಡಿರಲಿಲ್ಲ, ಮೇಡಂ. ಇಂದು ತೆರೆದು ನೋಡಿದೆ: ಬ್ಯಾಕಪ್ ಡಿಸ್ಕ್ ತುಂಬಿದ ದಿನದಿಂದ, ಅಂದರೆ ನಾಲ್ಕು ತಿಂಗಳಿಂದ, ಪ್ರತಿ ರಾತ್ರಿಯ ಫೈಲೂ ಸೊನ್ನೆ ಬೈಟ್. ಲ್ಯಾಬ್‌ನವರು ಹಟ ಹಿಡಿದು ಉಳಿಸಿಕೊಂಡಿದ್ದ ಕಾಗದದ ರಿಜಿಸ್ಟರ್‌ನಿಂದ ಇಬ್ಬರು ಕೂತು ಮತ್ತೆ ಟೈಪ್ ಮಾಡುತ್ತಿದ್ದಾರೆ. ಮೂರನೆಯ ಡಿಸ್ಕ್‌ನ ಹಣದಲ್ಲಿ ಇನ್ನೊಂದು ಸಣ್ಣ ಯಂತ್ರ ಕೊಡಿಸಿ ಎಂದು ಮಂಡಳಿಗೆ ಬರೆದಿದ್ದೇನೆ.